ಗಾಲಿ ‘ಆಡುತ್ತದೆ’ ಎಂದರೆ ಏನರ್ಥ? ಬೇರಿಂಗ್ ಕೆಲಸದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ತಿಪಟೂರಿನಲ್ಲಿ ನನ್ನ ತಮ್ಮನ ಬೈಕ್ ಗ್ಯಾರೇಜ್ ಇದೆ. ಅಲ್ಲಿಗೆ ಕೆಲಸ ಕಲಿಯಲು ಬರುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎಂಜಿನ್ ಆಯಿಲ್, ಚೈನ್, ಬ್ರೇಕ್ ಕುರಿತ ಪುಟಗಳು ಬೇಗ ಮುಗಿದವು. ಗಾಲಿಯ ಬೇರಿಂಗಿನ ಅಧ್ಯಾಯಕ್ಕೆ ಬಂದ ಮೇಲೆ ಎರಡು ವಾರದಿಂದ ಬರವಣಿಗೆ ಮುಂದೆ ಹೋಗಿಲ್ಲ. ಬೇರಿಂಗ್ ಎಂದರೆ ಗಾಲಿಯ ನಡುವೆ ಕೂತು ಅದನ್ನು ಹಗುರವಾಗಿ ತಿರುಗಿಸುವ ಭಾಗ: ಒಂದರೊಳಗೊಂದು ಎರಡು ಉಕ್ಕಿನ ಬಳೆ, ಅವುಗಳ ನಡುವೆ ಗುಂಡುಗಳು. ಗ್ಯಾರೇಜಿನಲ್ಲಿ ಬಳಸುವ ಮಾತುಗಳು ಬೇಕಾದಷ್ಟಿವೆ, ಆದರೆ ಒಂದೇ ಮಾತು ಎರಡು ಮೂರು ದೋಷಗಳನ್ನು ಹೊತ್ತುಕೊಂಡು ತಿರುಗುತ್ತದೆ.

ಈ ಗೊಂದಲದ ಬೆಲೆ ಎಷ್ಟೆಂದು ಕಳೆದ ಮಳೆಗಾಲದಲ್ಲಿ ಕಣ್ಣಾರೆ ಕಂಡೆ. ಗ್ರಾಹಕರೊಬ್ಬರು ಬೈಕ್ ಬಿಟ್ಟು ಹೋಗುವಾಗ ಪುಸ್ತಕದಲ್ಲಿ ‘ಹಿಂದಿನ ಗಾಲಿ ಆಡುತ್ತದೆ’ ಎಂದು ಬರೆಸಿದ್ದರು. ತಮ್ಮ ಆ ದಿನ ಊರಿನಲ್ಲಿರಲಿಲ್ಲ. ಹುಡುಗ ಗಾಲಿಯನ್ನು ತಿರುಗಿಸಿ ನೋಡಿದ. ರಿಮ್ ತುಸು ಸೊಟ್ಟ ಕಂಡಿತು. ಕಡ್ಡಿಗಳನ್ನು ಬಿಗಿಮಾಡಿ ನೇರ ಮಾಡಿಕೊಟ್ಟ. ನಾಲ್ಕು ದಿನ ಕಳೆದು ಅದೇ ಬೈಕ್ ಟೆಂಪೋದಲ್ಲಿ ಮಲಗಿಕೊಂಡು ಬಂತು. ಬೇರಿಂಗ್ ಒಡೆದು, ಅದರ ಹೊರಬಳೆ ಗಾಲಿಯ ನಡುಭಾಗವಾದ ಹಬ್‌ನ ಒಳಗೇ ತಿರುಗಿ ತಿರುಗಿ, ಬೇರಿಂಗ್ ಕೂರುವ ಗೂಡನ್ನು ತಿಂದುಹಾಕಿತ್ತು. ಬೇರಿಂಗ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಹಬ್ಬನ್ನೇ ಬದಲಿಸಬೇಕಾಯಿತು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೇ ಸಮಾಧಾನ. ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನು ಓದಿದ ವಾಕ್ಯಕ್ಕೆ ನಿಜವಾಗಿಯೂ ಎರಡು ಅರ್ಥವಿತ್ತು.

ಒಂದು ಅರ್ಥ, ಗಾಲಿ ತಿರುಗುವಾಗ ಅಂಚು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುವುದು. ಇದು ರಿಮ್ಮಿನ ದೋಷ. ಇನ್ನೊಂದು, ಗಾಲಿ ನಿಂತಿರುವಾಗಲೇ ಕೈಯಲ್ಲಿ ಹಿಡಿದು ಅಲುಗಿಸಿದರೆ ಅಲುಗುವುದು. ಇದು ಬೇರಿಂಗಿನ ದೋಷ. ಬೈಕನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟಯರಿನ ನೆತ್ತಿಯನ್ನು ಒಂದು ಕೈಯಲ್ಲಿ, ತಳವನ್ನು ಇನ್ನೊಂದು ಕೈಯಲ್ಲಿ ಹಿಡಿದು, ಒಂದನ್ನು ತಳ್ಳಿ ಇನ್ನೊಂದನ್ನು ಎಳೆದರೆ ಟಕ್ ಎಂದು ಕೈಗೆ ತಾಗುತ್ತದೆ. ಒಳ್ಳೆಯ ಬೇರಿಂಗಿನಲ್ಲಿ ಆ ಟಕ್ ಇರುವುದಿಲ್ಲ. ಮೊದಲನೆಯದನ್ನು ‘ಓಲಾಟ’ ಎಂದೂ ಎರಡನೆಯದನ್ನು ‘ಆಟ’ ಎಂದೂ ಬೇರೆಮಾಡಿ, ಕೈಪಿಡಿಯ ಉದ್ದಕ್ಕೂ ಅದನ್ನೇ ಪಾಲಿಸಬೇಕೆಂದಿದ್ದೇನೆ. ತಿರುಗಿದಾಗ ಓಲಾಟ, ನಿಂತಾಗ ಆಟ. ಹುಡುಗರ ನೆನಪಿನಲ್ಲಿ ಉಳಿಯುತ್ತದೆ ಎಂಬ ನಂಬಿಕೆ ನನ್ನದು.

ಇದನ್ನು ಒಬ್ಬ ಸ್ನೇಹಿತರಿಗೆ ತೋರಿಸಿದಾಗ ಅವರು ‘ಆಟ’ ಬೇಡ ಎಂದರು. ಅದು ಇಂಗ್ಲಿಷಿನ ‘ಪ್ಲೇ’ ಪದದ ನೆರಳು, ‘ಸಡಿಲ’ ಎಂದು ಬರೆಯಿರಿ ಎಂಬುದು ಅವರ ಸಲಹೆ. ನಾನು ಇದನ್ನು ಒಪ್ಪುವುದಿಲ್ಲ. ಈ ಪತ್ರ ಬರೆಯಲು ಮುಖ್ಯ ಕಾರಣವೂ ಇದೇ.

ಕನ್ನಡದ ‘ಆಡು’ ಧಾತುವಿಗೆ ಕ್ರೀಡೆ ಎಂಬುದು ಒಂದು ಅರ್ಥ ಮಾತ್ರ. ಇದ್ದಲ್ಲೇ ಇದ್ದು ಅತ್ತಿತ್ತ ಚಲಿಸುವುದು ಅದರ ಇನ್ನೊಂದು ಅರ್ಥ, ಅದೂ ಬಹಳ ಹಳೆಯದು. ಅಲ್ಲಾಡು, ಅಲುಗಾಡು, ತೂಗಾಡು, ಓಲಾಡು, ಜೋಲಾಡು, ಉಸಿರಾಡು, ಗಾಳಿಯಾಡು, ಕೈಯಾಡಿಸು. ಇವುಗಳಲ್ಲಿ ಯಾವುದರಲ್ಲೂ ಪಂದ್ಯವಿಲ್ಲ, ಮಕ್ಕಳಿಲ್ಲ. ಹಾಲುಹಲ್ಲು ಬೀಳುವ ಮುನ್ನ ‘ಹಲ್ಲು ಆಡುತ್ತಿದೆ’ ಎನ್ನುತ್ತೇವೆ. ಹಲ್ಲು ತನ್ನ ಗೂಡನ್ನು ಬಿಟ್ಟಿಲ್ಲ, ಆದರೆ ಗೂಡಿನೊಳಗೆ ಅತ್ತಿತ್ತ ಹೋಗುತ್ತದೆ. ಕೆಟ್ಟ ಬೇರಿಂಗಿನ ಗಾಲಿಯೂ ಹಾಗೆಯೇ. ಬಡಗಿ ಕುರ್ಚಿಯ ಕಾಲನ್ನು ಹಿಡಿದು ‘ಕೀಲು ಆಡುತ್ತಿದೆ’ ಎನ್ನುವಾಗ ಅವನು ಯಾವ ಭಾಷೆಯಿಂದಲೂ ಅನುವಾದ ಮಾಡುತ್ತಿಲ್ಲ. ತಮಿಳಿನ ‘ಆಟ್ಟಂ’ ಪದಕ್ಕೂ ಅಲುಗಾಟ ಎಂಬ ಅರ್ಥವಿದೆ. ಇಂಗ್ಲಿಷಿನವರಿಗೂ ನಮಗೂ ಒಂದೇ ಹೋಲಿಕೆ ಹೊಳೆದಿದೆ ಎಂದ ಮಾತ್ರಕ್ಕೆ ನಮ್ಮದು ಸಾಲವಾಗುವುದಿಲ್ಲ.

‘ಸಡಿಲ’ ಎಂಬ ಪದದ ತೊಂದರೆಯೇ ಬೇರೆ. ಸಡಿಲವಾದದ್ದನ್ನು ಬಿಗಿಮಾಡಬಹುದು ಎಂಬ ಸೂಚನೆ ಆ ಪದದಲ್ಲೇ ಇದೆ. ನಟ್ಟು ಸಡಿಲ, ಹಗ್ಗ ಸಡಿಲ, ಸೊಂಟದ ಪಟ್ಟಿ ಸಡಿಲ. ‘ಗಾಲಿ ಸಡಿಲವಾಗಿದೆ’ ಎಂದು ಓದಿದ ಹುಡುಗ ಸ್ಪ್ಯಾನರ್ ಹುಡುಕುತ್ತಾನೆ. ಗಾಲಿಯ ನಡುವೆ ಹಾದುಹೋಗುವ ಸರಳಾದ ಆಕ್ಸಲ್ಲಿನ ನಟ್ಟನ್ನು ಎಷ್ಟು ಬಿಗಿದರೂ ಗಾಲಿ ಬೇರಿಂಗಿನ ಆಟ ಹೋಗುವುದಿಲ್ಲ. ಹ್ಯಾಂಡಲ್ ತಿರುಗಲು ಅದರ ಕೆಳಗಿರುವ ಬೇರಿಂಗ್ ಜೋಡಿ, ಅಂದರೆ ಕೋನ್‌ಸೆಟ್ಟಿನ ವಿಷಯ ಬೇರೆ. ಅಲ್ಲಿ ಬಿಗಿ ಹೊಂದಿಸುವ ನಟ್ಟು ಇದೆ, ಆದ್ದರಿಂದ ‘ಕೋನ್‌ಸೆಟ್ ಸಡಿಲ’ ಎನ್ನುವುದು ಸರಿಯಾದ ಪ್ರಯೋಗ. ಮುಂದಿನ ಗಾಲಿಯನ್ನು ಅಲುಗಿಸಿದಾಗ ಅದನ್ನು ಹಿಡಿದಿರುವ ಫೋರ್ಕ್ ಸಮೇತ ಅಲುಗಿದರೆ ಕೋನ್‌ಸೆಟ್ ಸಡಿಲ. ಫೋರ್ಕ್ ಅಲುಗದೆ ಗಾಲಿ ಮಾತ್ರ ಅಲುಗಿದರೆ ಬೇರಿಂಗಿನಲ್ಲಿ ಆಟ.

ಇನ್ನೊಂದು ಜೋಡಿಯನ್ನೂ ಬೇರ್ಪಡಿಸಬೇಕಾಗಿದೆ. ಬೇರಿಂಗಿನ ಗುಂಡುಗಳಿಗೂ ಬಳೆಗಳಿಗೂ ನಡುವೆ ತಯಾರಕರೇ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಬೇರಿಂಗಿನ ಮೇಲೆ ‘ಸಿ3’ ಎಂಬ ಗುರುತಿದ್ದರೆ ಆ ಜಾಗ ಸಾಮಾನ್ಯಕ್ಕಿಂತ ಹೆಚ್ಚು ಎಂದರ್ಥ. 6202 ಸಂಖ್ಯೆಯ ಬೇರಿಂಗ್, ಅಂದರೆ 15 ಮಿಲಿಮೀಟರ್ ಒಳವ್ಯಾಸ, 35 ಮಿಲಿಮೀಟರ್ ಹೊರವ್ಯಾಸ, 11 ಮಿಲಿಮೀಟರ್ ದಪ್ಪ ಇರುವುದು, ಸಿ3 ಆಗಿದ್ದರೆ ಆ ಜಾಗ 11ರಿಂದ 25 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಇದನ್ನು ‘ಆಟ’ ಎಂದು ಕರೆಯಲು ಮನಸ್ಸು ಒಪ್ಪಲಿಲ್ಲ. ‘ಬಿಡುವು’ ಎಂದರೆ ಮೊದಲು ಹೊಳೆಯುವುದು ಪುರಸೊತ್ತು. ‘ಸಂದು’ ಎಂದರೆ ಬಿರುಕೆಂದು ತಿಳಿಯಬಹುದು. ‘ತೆರಪು’ ಎಂದು ಬರೆದುಕೊಂಡಿದ್ದೇನೆ. ತೆರಪು ಇಟ್ಟದ್ದು, ಆಟ ಬಂದದ್ದು. ಕ್ರಿಯಾಪದವೇ ಗುಣವನ್ನೂ ದೋಷವನ್ನೂ ಬೇರೆಮಾಡುತ್ತದೆ.

ಈಗ ‘ಸವೆತ’ಕ್ಕೆ ಬರುತ್ತೇನೆ. ‘ಬೇರಿಂಗ್ ಸವೆದಿದೆ’ ಎಂದು ನಾನೇ ಹತ್ತಾರು ಕಡೆ ಬರೆದಿದ್ದೆ. ಹಳೆಯ ಬೇರಿಂಗ್‌ಗಳನ್ನು ಒಡೆದು ನೋಡಲು ತೊಡಗಿದ ಮೇಲೆ ಆ ಪದದ ಮೇಲಿನ ವಿಶ್ವಾಸ ಕಡಿಮೆಯಾಯಿತು. ಚಪ್ಪಲಿ ಸವೆಯುತ್ತದೆ, ಮೆಟ್ಟಿಲು ಸವೆಯುತ್ತದೆ, ಗಂಧದ ಕೊರಡು ಸವೆಯುತ್ತದೆ. ಉಜ್ಜಿ ಉಜ್ಜಿ ಸಣ್ಣಗಾಗುವುದು ಸವೆತ. ಎತ್ತಿನ ಗಾಡಿಯಲ್ಲಿ ಇರುಸು, ಅಂದರೆ ಗಾಡಿಯ ಆಕ್ಸಲ್, ಗಾಲಿಯ ನಡುಭಾಗವಾದ ಗುಂಬದೊಳಗಿನ ಕಬ್ಬಿಣದ ಬಳೆಗೆ ಉಜ್ಜುತ್ತಿತ್ತು, ಅಲ್ಲಿ ಸವೆತ ಎಂಬುದು ಸರಿಯಾದ ಮಾತು. ಅದನ್ನು ತಡೆಯುವುದಕ್ಕೇ ಕೀಲೆಣ್ಣೆ ಹಾಕುತ್ತಿದ್ದರು. ಬೇರಿಂಗ್ ಹುಟ್ಟಿದ್ದೇ ಉಜ್ಜುವುದನ್ನು ತಪ್ಪಿಸಿ ಉರುಳುವಂತೆ ಮಾಡಲು. ಅದು ಕೆಡುವ ರೀತಿಯೂ ಬೇರೆ. ಹಳ್ಳಕ್ಕೆ ಬಿದ್ದ ಹೊಡೆತಕ್ಕೆ ಗುಂಡುಗಳು ಬಳೆಯ ಹಾದಿಯಲ್ಲಿ ಸಣ್ಣ ಸಣ್ಣ ತಗ್ಗು ಮಾಡುತ್ತವೆ. ರಬ್ಬರ್ ಸೀಲ್ ಹಳತಾಗಿ, ಅಥವಾ ಸರ್ವಿಸ್‌ನಲ್ಲಿ ಒತ್ತಡದ ನೀರನ್ನು ನೇರವಾಗಿ ಹಬ್‌ಗೆ ಬಿಟ್ಟು, ಗ್ರೀಸ್ ತೊಳೆದುಹೋಗಿ ತುಕ್ಕು ಹಿಡಿಯುತ್ತದೆ. ಬಹಳ ದಿನ ಉರುಳಿದ ಮೇಲೆ ಉಕ್ಕಿನ ಮೈಯಿಂದ ತೆಳ್ಳನೆಯ ಚೂರುಗಳು ಏಳುತ್ತವೆ, ಹಳೆಯ ಗೋಡೆಯ ಸುಣ್ಣ ಎದ್ದಂತೆ. ಈ ಕೊನೆಯದಕ್ಕೆ ‘ಹಕ್ಕಳೆ ಏಳುವುದು’ ಎಂಬುದಕ್ಕಿಂತ ಒಳ್ಳೆಯ ಪದ ನನಗೆ ಕಾಣುವುದಿಲ್ಲ. ಮಣ್ಣು ಗ್ರೀಸಿನಲ್ಲಿ ಬೆರೆತು ಅರೆದರೆ ಬೇರಿಂಗೂ ಸವೆಯುತ್ತದೆ, ನಿಜ. ಆದರೆ ತಗ್ಗು, ತುಕ್ಕು, ಹಕ್ಕಳೆ, ಸವೆತ ನಾಲ್ಕನ್ನೂ ‘ಸವೆತ’ ಎಂದುಬಿಟ್ಟರೆ ಕಾರಣ ಹುಡುಕುವ ಅಭ್ಯಾಸವೇ ಬೆಳೆಯುವುದಿಲ್ಲ. ಗ್ಯಾರೇಜಿನ ‘ಬೇರಿಂಗ್ ಹೋಗಿದೆ’ ಎಂಬ ಮಾತಂತೂ ಬಲ್ಬ್ ಹೋದಂತೆ, ಕರೆಂಟ್ ಹೋದಂತೆ. ಆಡುವುದಕ್ಕೆ ಸಾಕು, ಕಲಿಸುವುದಕ್ಕೆ ಸಾಲದು.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದೂ ಅತಿ ಹೆಚ್ಚು ತೊಂದರೆ ಕೊಟ್ಟದ್ದೂ ಸದ್ದಿನ ಪದಗಳು. ಬೇರಿಂಗಿನ ಕಾಯಿಲೆ ಆಟಕ್ಕಿಂತ ಮುಂಚೆ ಸದ್ದಿನಲ್ಲೇ ಗೊತ್ತಾಗುವುದುಂಟು. ಇಂಗ್ಲಿಷ್ ಕೈಪಿಡಿಗಳು ಎರಡು ಮೂರು ಪದಗಳಲ್ಲಿ ಮುಗಿಸುವ ಜಾಗದಲ್ಲಿ ಕನ್ನಡಕ್ಕೆ ಒಂದು ರಾಶಿ ಅನುಕರಣ ಪದಗಳಿವೆ. ನಾನು ಮೊದಲು ‘ಗಾಲಿ ಗರಗರ ಎಂದರೆ ಬೇರಿಂಗ್ ಕೆಟ್ಟಿದೆ’ ಎಂದು ಬರೆದಿದ್ದೆ. ತಮ್ಮನ ಬಳಿ ಇಪ್ಪತ್ತು ವರ್ಷದಿಂದ ಇರುವ ಮೇಸ್ತ್ರಿ ಅದನ್ನು ಓದಿ ತಲೆಯಾಡಿಸಿದರು. “ಗರಗರ ಅಂದರೆ ಚೆನ್ನಾಗಿ ತಿರುಗುತ್ತಿದೆ ಎಂದಲ್ಲವೇ ಸಾರ್? ಬುಗುರಿ ಗರಗರ ತಿರುಗುತ್ತದೆ” ಎಂದರು. ಅವರ ಮಾತು ಸರಿ. ಗರಗರ ಎಂಬುದಕ್ಕೆ ಒರಟು ಸದ್ದು ಎಂಬ ಅರ್ಥವೂ ಇದೆ, ವೇಗವಾಗಿ ಸುತ್ತುವುದು ಎಂಬ ಅರ್ಥವೂ ಇದೆ. ದೋಷವನ್ನೂ ಆರೋಗ್ಯವನ್ನೂ ಒಂದೇ ಪದ ಹೇಳುವುದಾದರೆ ಕೈಪಿಡಿಯಲ್ಲಿ ಅದಕ್ಕೆ ಜಾಗವಿಲ್ಲ.

ಮೇಸ್ತ್ರಿಯೇ ‘ಗೊರಗೊರ’ ಎಂಬ ಪದ ಕೊಟ್ಟರು. ಕಫ ಕಟ್ಟಿದ ಗಂಟಲಿನ ಸದ್ದು, ಗೊರಕೆಯ ಸದ್ದು. ಗಾಲಿಯನ್ನು ಕೈಯಿಂದ ತಿರುಗಿಸಿ ಫೋರ್ಕಿನ ಮೇಲೆ ಅಂಗೈ ಇಟ್ಟರೆ ಆ ಗೊರಗೊರ ಚರ್ಮಕ್ಕೂ ತಿಳಿಯುತ್ತದೆ. ‘ಕಟಕಟ’ ಎಂದರೆ ಗುಂಡುಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಪಂಜರ ಒಡೆದು ಅವು ಒಂದಕ್ಕೊಂದು ಬಡಿಯುತ್ತಿರಬಹುದು, ಗಾಡಿಯನ್ನು ಮನೆಯವರೆಗೂ ಓಡಿಸಬಾರದು. ‘ಸರಸರ’ ಬಹಳ ಸಲ ಬ್ರೇಕ್ ಶೂ ಡ್ರಮ್‌ಗೆ ತಾಗುವ ಸದ್ದು, ಅದಕ್ಕೆ ಬೇರಿಂಗ್ ಬಿಚ್ಚಬೇಕಾಗಿಲ್ಲ. ‘ಗುಂಯ್’ ಎಂಬ ಸದ್ದು ಟಯರಿನದ್ದೂ ಇರಬಹುದು. ಕೊನೆಯ ತೀರ್ಪು ಕಿವಿಯದಲ್ಲ, ಬೆರಳಿನದು. ಆಕ್ಸಲ್ ತೆಗೆದು, ಬೇರಿಂಗಿನ ಒಳಬಳೆಗೆ ತೋರುಬೆರಳು ತೂರಿಸಿ ಮೆಲ್ಲಗೆ ತಿರುಗಿಸಬೇಕು. ಒಳ್ಳೆಯದು ನುಣ್ಣಗೆ, ಗ್ರೀಸಿನ ತುಸು ಭಾರದೊಂದಿಗೆ ತಿರುಗುತ್ತದೆ. ಕೆಟ್ಟದ್ದು ರವೆ ತುಂಬಿದಂತೆ ‘ತರಿತರಿ’ ಎನ್ನುತ್ತದೆ. ತಗ್ಗು ಬಿದ್ದದ್ದು ಒಂದೊಂದು ತಗ್ಗಿಗೂ ತಡೆದು ತಡೆದು ಮುಂದೆ ಹೋಗುತ್ತದೆ. ಈ ತಡೆದು ತಡೆದು ತಿರುಗುವುದಕ್ಕೆ ಒಂದೇ ಪದ ಬೇಕಾಗಿದೆ. ‘ಕಚ್ಚುಕಚ್ಚಾಗಿ’ ಎಂದು ಸದ್ಯಕ್ಕೆ ಬರೆದಿದ್ದೇನೆ, ತೃಪ್ತಿಯಿಲ್ಲ. ಕಚ್ಚು ಎಂದರೆ ಕತ್ತಿಯ ಗುರುತು. ಇಲ್ಲಿರುವುದು ಒತ್ತಿದ ಗುರುತು. ಇದಕ್ಕೆ ತಮ್ಮ ಕಡೆ ಏನಾದರೂ ಪದವಿದ್ದರೆ ದಯವಿಟ್ಟು ತಿಳಿಸಿ.

ಹೊಸ ಬೇರಿಂಗ್ ಹಾಕುವುದರ ಕ್ರಿಯಾಪದದ ಬಗ್ಗೆಯೂ ಒಂದು ಮಾತು. ಗ್ಯಾರೇಜಿನಲ್ಲಿ ‘ಬೇರಿಂಗ್ ಹೊಡೆ’ ಎನ್ನುತ್ತಾರೆ. ಹಳೆಯದನ್ನು ಹೊರಗೆ ಹೊಡೆಯುವುದು ಸರಿ. ನಡುವಿನ ಕೊಳವೆಯನ್ನು ಪಕ್ಕಕ್ಕೆ ಸರಿಸಿ, ಆ ಕಡೆಯಿಂದ ಪಂಚ್ ಇಟ್ಟು, ಸುತ್ತಲೂ ಸ್ವಲ್ಪಸ್ವಲ್ಪವಾಗಿ ಹೊಡೆದು ತೆಗೆಯುತ್ತಾರೆ. ಆದರೆ ಹೊಸದಕ್ಕೂ ಅದೇ ‘ಹೊಡೆ’ ಎಂದರೆ ಕೈ ಸುತ್ತಿಗೆಗೆ ಹೋಗುತ್ತದೆ, ಸುತ್ತಿಗೆ ಸಿಕ್ಕಿದ ಕಡೆ ಬೀಳುತ್ತದೆ. ಒಳಬಳೆಯ ಮೇಲೆ ಬಿದ್ದ ಪೆಟ್ಟು ಗುಂಡುಗಳ ಮೂಲಕ ಹೊರಬಳೆಗೆ ಹೋಗಿ, ರಸ್ತೆ ಕಾಣುವ ಮೊದಲೇ ಬೇರಿಂಗಿನಲ್ಲಿ ತಗ್ಗು ಮೂಡಬಹುದು. ಆದ್ದರಿಂದ ‘ಕೂರಿಸು’ ಎಂದೇ ಬರೆಯುತ್ತಿದ್ದೇನೆ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನಲ್ಲ, ಆ ಎಚ್ಚರ ಈ ಪದದಲ್ಲಿದೆ. ಹೊರಬಳೆಯ ಅಳತೆಗೆ ಸರಿಹೊಂದುವ ಸಾಕೆಟ್ ಇಟ್ಟು, ಹೊರಬಳೆಯ ಮೇಲೆ ಮಾತ್ರ ಭಾರ ಬೀಳುವಂತೆ, ನೇರವಾಗಿ ಇಳಿಸಬೇಕು. ಪೂರ್ತಿ ಕೂತಾಗ ಸುತ್ತಿಗೆಯ ದನಿಯೇ ಬದಲಾಗಿ ಗಟ್ಟಿಯಾಗುತ್ತದೆ. ಒಂದು ಕಡೆಯದನ್ನು ಕೂರಿಸಿ, ಕೊಳವೆ ಇಟ್ಟು, ಆಮೇಲೆ ಇನ್ನೊಂದು ಕಡೆಯದನ್ನು ಕೊಳವೆಗೆ ತಾಗುವವರೆಗೆ ಇಳಿಸುವುದು ಕ್ರಮ.

ಆ ಕೊಳವೆಗೆ ಹೆಸರು ಬೇಕು. ಎರಡು ಬೇರಿಂಗ್‌ಗಳ ಒಳಬಳೆಗಳ ನಡುವೆ ನಿಂತು, ಆಕ್ಸಲ್ ಬಿಗಿದಾಗ ಆ ಒತ್ತಡವನ್ನು ತಾನು ಹೊರುವುದು ಅದರ ಕೆಲಸ. ಯಾರೋ ಮರೆತು ಅದನ್ನು ಹಾಕದೆ ಬಿಟ್ಟರೆ, ನಟ್ಟು ಬಿಗಿದಂತೆಲ್ಲ ಒಳಬಳೆಗಳು ಒಳಕ್ಕೆ ಒತ್ತಲ್ಪಟ್ಟು ಹೊಸ ಬೇರಿಂಗ್ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಇಷ್ಟು ಮುಖ್ಯವಾದ ವಸ್ತುವನ್ನು ಒಬ್ಬರು ಸ್ಪೇಸರ್ ಎನ್ನುತ್ತಾರೆ, ಒಬ್ಬರು ಬುಷ್ ಎನ್ನುತ್ತಾರೆ, ಇನ್ನೊಬ್ಬರಿಗೆ ಅದು ಬರೀ ‘ಪೈಪ್’. ‘ನಡುಗೊಳವೆ’ ಎಂದು ಕಟ್ಟಿದ್ದೇನೆ. ಎಲ್ಲಿರಬೇಕು ಎಂಬುದನ್ನು ಹೆಸರೇ ಹೇಳುತ್ತದೆ.

‘ಬೇರಿಂಗ್’ ಪದವನ್ನು ಬದಲಿಸುವ ಯೋಚನೆ ನನಗಿಲ್ಲ. ಹಳೆಯ ಬೇರಿಂಗ್‌ಗಳನ್ನು ಹಲಗೆಗೆ ಜೋಡಿಸಿ ‘ಬೇರಿಂಗ್ ಗಾಡಿ’ ಮಾಡಿ ಇಳಿಜಾರಿನಲ್ಲಿ ಓಡಿಸಿದವರಿಗೆಲ್ಲ ಅದು ಕನ್ನಡವೇ. ‘ಧಾರಕ’ ಎಂದು ಬರೆದರೆ ಅಂಗಡಿಯಲ್ಲಿ ಯಾರೂ ಕೊಡುವುದಿಲ್ಲ. ‘ರೇಸ್’ ಬದಲು ‘ಬಳೆ’ ಬಳಸಿದ್ದೇನೆ, ಏಕೆಂದರೆ ರೇಸ್ ಎಂದರೆ ನಮ್ಮ ಹುಡುಗರಿಗೆ ಓಟದ ಪಂದ್ಯ. ಆಕ್ಸಲ್ಲಿಗೆ ‘ಅಚ್ಚು’ ಎನ್ನಲು ಆಗದು, ಅಚ್ಚಿನ ಕೆಲಸದ ಅಚ್ಚೂ ಎರಕದ ಅಚ್ಚೂ ಅಡ್ಡ ಬರುತ್ತವೆ. ‘ಇರುಸು’ ಚೆಂದದ ಪದ, ಆದರೆ ಎತ್ತಿನ ಗಾಡಿಯನ್ನೇ ಸರಿಯಾಗಿ ನೋಡಿರದ ಹುಡುಗರಿಗೆ ಅದೂ ಹೊಸದೇ. ಆಕ್ಸಲ್ ಎಂದೇ ಉಳಿಸಿದ್ದೇನೆ.

‘ಹಬ್’ ವಿಷಯದಲ್ಲಿ ಮಾತ್ರ ಮನಸ್ಸು ಹೊಯ್ದಾಡುತ್ತಿದೆ. ನಮ್ಮ ಕಡೆಯ ಬಡಗಿಗಳು ಗಾಡಿಯ ಗಾಲಿಯ ನಡುಭಾಗವನ್ನು ‘ಗುಂಬ’ ಎನ್ನುತ್ತಿದ್ದರು. ಅರೆಕಾಲುಗಳು ಬಂದು ಕೂಡುವ, ಇರುಸು ಹಾದುಹೋಗುವ ಜಾಗ. ಬೈಕಿನ ಹಬ್ ಮಾಡುವುದೂ ಅಷ್ಟೇ ಕೆಲಸ. ಧಾರವಾಡ, ಬಳ್ಳಾರಿ, ಕಲಬುರಗಿ ಕಡೆಯವರು ಚಕ್ಕಡಿಯ ಆ ಭಾಗವನ್ನು ಏನೆನ್ನುತ್ತೀರಿ? ಗುಂಬ ಅಲ್ಲಿಯೂ ಅರ್ಥವಾಗುವುದಾದರೆ ಧೈರ್ಯವಾಗಿ ಬಳಸುತ್ತೇನೆ, ಇಲ್ಲವಾದರೆ ಹಬ್ ಇರಲಿ.

ಇನ್ನೊಂದು ಕೋರಿಕೆ ಮೈಸೂರಿನವರಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಗಾಲಿ ಜೋಡಿಸುವ ವಿಭಾಗದಲ್ಲಿ ದುಡಿದವರು ತಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಅವರು ಕೆಲಸದ ಮೇಜಿನ ಮುಂದೆ ಆಟಕ್ಕೆ, ನಡುಗೊಳವೆಗೆ, ತಡೆದು ತಿರುಗುವ ಬೇರಿಂಗಿಗೆ ಏನೆನ್ನುತ್ತಿದ್ದರು ಎಂದು ಕೇಳಿ ಬರೆಯುವಿರಾ? ಅವರು ಹೇಳಿದ ಮಾತನ್ನು ತಿದ್ದದೆ, ಕಿವಿಗೆ ಬಿದ್ದ ಹಾಗೆಯೇ ಕಳುಹಿಸಿದರೆ ಉಪಕಾರವಾಗುತ್ತದೆ.