ಸ್ಪಿಟ್‌ಫೈರ್ ಪೈಲಟ್‌ಗೆ 15 ಸೆಕೆಂಡಿನ ಗುಂಡು ಸಾಲುತ್ತಿತ್ತೇ?

ನೀಲಿಬಾನು: 1940ರ ಬ್ರಿಟನ್ ಕದನದ ಬಗ್ಗೆ, ಅಂದರೆ ಜರ್ಮನಿಯ ವಾಯುಪಡೆಯನ್ನು ಬ್ರಿಟನ್ ಎದುರಿಸಿದ ಆಕಾಶಯುದ್ಧದ ಬಗ್ಗೆ ಓದುತ್ತಿದ್ದೇನೆ. ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 1ರ ರೆಕ್ಕೆಗಳಲ್ಲಿ 8 ಬ್ರೌನಿಂಗ್ ಗನ್, ಒಂದೊಂದಕ್ಕೆ 300 ಗುಂಡು. ಬಟನ್ ಒತ್ತಿ ಹಿಡಿದರೆ ಸುಮಾರು 15 ಸೆಕೆಂಡಿಗೆ ಎಲ್ಲ ಖಾಲಿ. ಇಷ್ಟರಲ್ಲಿ ವಿಮಾನ ಬೀಳಿಸುವುದು ಹೇಗೆ? ಎಂಟೂ ಗನ್ನಿನ ಗುಂಡು ಒಂದೆಡೆ ಸೇರುವ ದೂರವನ್ನು 400 ಗಜದ ಬದಲು 250 ಗಜಕ್ಕೆ ಇಟ್ಟುಕೊಂಡದ್ದು ಯಾಕೆ?

ರೆಕ್ಕೆಪುಕ್ಕ: 15 ಸೆಕೆಂಡು ಕಮ್ಮಿಯೇನಲ್ಲ. ಶತ್ರು ಗುರಿಯೊಳಗೆ ಸಿಗುವುದೇ ಎರಡು ಸೆಕೆಂಡು, ಅಷ್ಟು ಹೊತ್ತು ಹೊಡೆದು ಪಕ್ಕಕ್ಕೆ ಹೊರಳಬೇಕು. ನಿಜವಾದ ತೊಡಕು ದೂರದ್ದು. ಈ ಗನ್‌ಗಳ .303 ಇಂಚಿನ ಗುಂಡು ಅಂದರೆ ಬರೀ ರೈಫಲ್ ಗುಂಡು. 400 ಗಜದಾಚೆ ಚದುರಿ ಹೋಗುತ್ತದೆ, ತಾಗಿದರೂ ರಕ್ಷಣಾ ತಗಡನ್ನು ತೂರುವಷ್ಟು ಕಸುವು ಉಳಿದಿರುವುದಿಲ್ಲ. ಎಂಟೂ ಗನ್ನಿನ ಗುಂಡು 250 ಗಜದಲ್ಲಿ ಒಂದೆಡೆ ಸೇರಿದರೆ ಎಂಜಿನ್ನೇ ಛಿದ್ರ. 74ನೇ ಸ್ಕ್ವಾಡ್ರನ್ನಿನ (ವಾಯುಪಡೆಯ ದಳ) ಪೈಲಟ್ ಸೇಲರ್ ಮಾಲನ್ ಇದನ್ನೇ ಹಟ ಹಿಡಿದು ಹೇಳುತ್ತಿದ್ದದ್ದು. ಹಾಗಂತ ತೀರಾ ಹತ್ತಿರ ಹೋದರೂ ಕೆಲಸ ಕೆಡುತ್ತದೆ: ಗುಂಡುಗಳು ಇನ್ನೂ ಕೂಡಿರುವುದಿಲ್ಲ, ಸಣಕಲು ವಿಮಾನದ ಎರಡೂ ಬದಿಯಿಂದ ಹಾದುಹೋಗುತ್ತವೆ.

ಪೈಲಟ್ ಗುರಿ ನೋಡುವ ಗಾಜಿನಲ್ಲಿ ಎರಡು ಅಡ್ಡಗೀಟುಗಳಿವೆ. ಶತ್ರುವಿನ ರೆಕ್ಕೆಯಗಲ, ಹೊಡೆಯುವ ದೂರ ಎರಡನ್ನೂ ಮೊದಲೇ ತಿರುಗಿಸಿಟ್ಟುಕೊಳ್ಳಬೇಕು. ಶತ್ರುವಿನ ರೆಕ್ಕೆ ಆ ಗೀಟುಗಳ ನಡುವಿನ ಜಾಗ ತುಂಬಿದಾಗ ದೂರ ಸರಿಯಾಗಿದೆ ಅಂತ ಅರ್ಥ. ಎಡವುವುದು ಇಲ್ಲೇ. ಮೆಸರ್‌ಶ್ಮಿಟ್ 109 ಎಂಬ ಜರ್ಮನ್ ಯುದ್ಧವಿಮಾನಕ್ಕೆಂದು 32 ಅಡಿ, 250 ಗಜ ಇಟ್ಟು, ಎದುರಿಗೆ 74 ಅಡಿ ರೆಕ್ಕೆಯ ಬಾಂಬರ್ ಹೈಂಕೆಲ್ 111 ಬಂದರೆ? ಜಾಗ 580 ಗಜದಲ್ಲೇ ತುಂಬಿಬಿಡುತ್ತದೆ. ಹೊಡೆದದ್ದೆಲ್ಲ ಗಾಳಿಪಾಲು.

ಗನ್‌ಬೇ: ದೂರ ಸರಿಯಿದ್ದರೂ ಸಾಲದು. ತಿರುಗುವಾಗ ರಡ್ಡರ್ (ಬಾಲದ ಚುಕ್ಕಾಣಿ) ಹದ ತಪ್ಪಿ ವಿಮಾನ ಅಡ್ಡಕ್ಕೆ ಜಾರುತ್ತಿದ್ದರೆ ಗುಂಡೂ ಪಕ್ಕಕ್ಕೇ.

ಇನ್ನು ಚಳಿ. ಎತ್ತರದಲ್ಲಿ ತೇವ ಹೆಪ್ಪುಗಟ್ಟಿ ಗನ್ ಕಚ್ಚಿಕೊಳ್ಳುತ್ತಿತ್ತು. ಅದಕ್ಕೇ ರೇಡಿಯೇಟರಿನ ಬಿಸಿಗಾಳಿಯನ್ನು ಗನ್‌ಗಳತ್ತ ಹಾಯಿಸುತ್ತಿದ್ದರು, ಗನ್ ಬಾಯಿಗೆ ಬಟ್ಟೆಪಟ್ಟಿ ಅಂಟಿಸುತ್ತಿದ್ದರು. ಮೊದಲ ಗುಂಡಿಗೇ ಪಟ್ಟಿ ಹರಿಯುತ್ತದೆ. ಮರಳಿ ಬರುವ ವಿಮಾನದ ರೆಕ್ಕೆ ಶಿಳ್ಳೆ ಹೊಡೆದರೆ ಗುಂಡು ಹಾರಿದೆ ಅಂತ ಕೆಳಗಿನ ಸಿಬ್ಬಂದಿಗೆ ಗೊತ್ತಾಗುತ್ತಿತ್ತು.

ನೀಲಿಬಾನು: ಹಾಗಾದರೆ 20 ಮಿ.ಮೀ. ಫಿರಂಗಿ ಹಾಕಬಹುದಿತ್ತಲ್ಲ?

ರೆಕ್ಕೆಪುಕ್ಕ: ಹಾಕಿದರು, 19ನೇ ಸ್ಕ್ವಾಡ್ರನ್ನಿಗೆ, ಅದೇ ಬೇಸಿಗೆಯಲ್ಲಿ. ತೆಳು ರೆಕ್ಕೆಯಲ್ಲಿ ಹಿಡಿಸಲೆಂದು ಫಿರಂಗಿಯನ್ನು ಮಗ್ಗುಲಾಗಿ ಮಲಗಿಸಿದ್ದರು, ಹಾರಿದ ಗುಂಡಿನ ಖಾಲಿ ಕೋಶ ಹೊರಬೀಳದೆ ಸಿಕ್ಕಿಕೊಳ್ಳುತ್ತಿತ್ತು. ಸೆಪ್ಟೆಂಬರಿನಲ್ಲಿ ಪೈಲಟ್‌ಗಳೇ ಬೇಡವೆಂದು ಹಳೆಯ ಎಂಟು ಗನ್ನಿನ ವಿಮಾನ ಕೇಳಿ ಪಡೆದರು. ಜರ್ಮನರ 109ರಲ್ಲಿ ಫಿರಂಗಿ ಇತ್ತು ನಿಜ, ಆದರೆ ಒಂದೊಂದಕ್ಕೆ 60 ಗುಂಡು ಮಾತ್ರ. ಏಳೆಂಟು ಸೆಕೆಂಡಿಗೆ ಮುಗಿಯಿತು.