ಸಹಾಯ ಬೇಕು: ಮೈಸೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಹೋದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ತಂಗಿ ಮನೆ ಗೃಹಪ್ರವೇಶ. ಅಮ್ಮನಿಗೆ ಮಂಡಿ ನೋವು, ರಾತ್ರಿಯೆಲ್ಲಾ ರೈಲಿನಲ್ಲಿ ಕೂರುವುದು ಕಷ್ಟ. ಅದಕ್ಕೇ ಮಂಡಕಳ್ಳಿಯಿಂದ (ಮೈಸೂರು ವಿಮಾನ ನಿಲ್ದಾಣ) ವಿಮಾನ ನೋಡುತ್ತಿದ್ದೇನೆ.

ಮ್ಯಾಪಿನಲ್ಲಿ ನೇರ ಗೆರೆ ಎಳೆದರೆ ಎರಡು ನಿಲ್ದಾಣಕ್ಕೂ ಮಧ್ಯೆ ಸುಮಾರು 390 ಕಿ.ಮೀ. ಎಟಿಆರ್ ಅನ್ನೋ ರೆಕ್ಕೆಯಲ್ಲಿ ಫ್ಯಾನ್ ಇರುವ ಚಿಕ್ಕ ವಿಮಾನ ಗಂಟೆಗೆ 500 ಕಿ.ಮೀ. ಹತ್ತಿರ ಹೋಗುತ್ತದೆ. ಏರೋದು ಇಳಿಯೋದು ಸೇರಿಸಿದರೂ ಒಂದು ಗಂಟೆ ಆಸುಪಾಸು ಸಾಕು, ಅಲ್ವಾ? ಆದರೆ ಟಿಕೆಟ್ ಆ್ಯಪ್ ನನಗೆ ತೋರಿಸಿದ್ದು ಹೈದರಾಬಾದ್ ದಾರಿ! ಉತ್ತರಕ್ಕೆ ಹೋಗಿ ಮತ್ತೆ ವಾಪಸ್ ಬರಬೇಕಂತೆ. ಅಮ್ಮನಿಗೆ ಹೇಳಿದೆ. "ಇಳ್ದು ಹತ್ತಿ, ಇಳ್ದು ಹತ್ತಿ... ಅದ್ಕಿಂತ ಬಸ್ಸೇ ವಾಸಿ ಕಣ್ಲಾ" ಅಂದರು.

ಈಗ ನೇರ ವಿಮಾನ ಇದೆಯಾ, ಇದ್ದರೆ ಯಾವ ದಿನ? ಇಲ್ಲದಿದ್ದರೆ ಬೆಂಗಳೂರಿಗೆ ಕಾರಿನಲ್ಲಿ ಹೋಗಿ ಅಲ್ಲಿಂದ ಹತ್ತುವುದು ವಾಸಿನಾ? ಮಂಡ್ಯದಿಂದ ದೇವನಹಳ್ಳಿ ಅಂದರೆ ಬೆಂಗಳೂರು ಪೂರ್ತಿ ದಾಟಬೇಕು, ಆ ಟ್ರಾಫಿಕ್ ನೆನೆಸಿಕೊಂಡರೇ ಸುಸ್ತು.

ಮುಖ್ಯವಾದ ಇನ್ನೊಂದು ವಿಷಯ. ಎಟಿಆರ್‌ಗೆ ಹಿಂದಿನ ಬಾಗಿಲು, ಅದಕ್ಕೇ ಅಂಟಿಕೊಂಡ ಕಿರಿದಾದ ಮೆಟ್ಟಿಲು. ನಾಲ್ಕೈದೇ ಮೆಟ್ಟಿಲಾದರೂ ಅಮ್ಮ ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿಕೊಂಡು ಹತ್ತುತ್ತಾರೆ. ವೀಲ್‌ಚೇರ್ ಕೇಳಿದರೆ ಮೇಲಿನ ತನಕ ಎತ್ತಿ ಬಿಡುತ್ತಾರಾ, ಬುಕ್ ಮಾಡುವಾಗಲೇ ಹೇಳಬೇಕಾ? ವಯಸ್ಸಾದವರನ್ನು ಮಂಡಕಳ್ಳಿಯಿಂದ ಕರೆದುಕೊಂಡು ಹೋದವರು ದಯವಿಟ್ಟು ತಿಳಿಸಿ. ಈ ವಾರದೊಳಗೆ ಟಿಕೆಟ್ ಮಾಡಬೇಕು.