ಸಹಾಯ ಬೇಕು: ‘ಸೆಟ್’ಗೆ ನಿಮ್ಮ ಮನೆಮಾತಲ್ಲಿ ಏನಂತೀರಿ?

ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ನಿನ್ನೆ ‘ಸೆಟ್’ ಅಂದರೇನು ಅಂತ ಕೇಳಿದೆ. ಒಬ್ಬ ‘ಸೆಟ್ ದೋಸೆ’ ಅಂದ, ಇನ್ನೊಬ್ಬಳು ಓಣಂಗೆ ಉಡುವ ‘ಸೆಟ್ ಮುಂಡು’ ಅಂದಳು. ಹಿಂದಿನ ಬೆಂಚಿನಿಂದ ಅಪ್ಪಟ ಮಲಯಾಳದಲ್ಲಿ, ‘ಎಲ್ಲಾಂ ಸೆಟ್ಟ್, ಟೀಚರೇ!’ ನನಗೇ ನಗು ತಡೆಯಲಿಲ್ಲ.

1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅತಿ ಉದ್ದದ ವಿವರಣೆ ಈ ಪುಟ್ಟ ಪದಕ್ಕೇ. ಗಣಿತದ ಸೆಟ್ ‘ಗಣ’, ಸೂರ್ಯ ಮುಳುಗುತ್ತಾನೆ, ಮೊಸರು ಹೆಪ್ಪುಗಟ್ಟುತ್ತದೆ, ಇಷ್ಟು ಸಲೀಸು. ಸಿಮೆಂಟಿನದ್ದೇ ತಲೆನೋವು. ಮೊದಲು ಸೆಟ್ ಆಗುತ್ತದೆ, ಬಲ ಬರುವುದು ಆಮೇಲೆ ನೀರು ಕುಡಿಸುತ್ತಾ ಹೋದಂತೆ. ಹಾಗಾಗಿ ‘ಗಟ್ಟಿಯಾಯಿತು’ ಅಂದರೆ ತಪ್ಪಾಗುತ್ತದೆ. ಅಲಾರಂ ‘ಇಡು’ ಅಂದರೆ ಸಾಕೋ?

ತುಳು, ಹವ್ಯಕ, ಕರಾಡ ಯಾವುದಾದರೂ ಸರಿ, ಮೇಸ್ತ್ರಿಗಳ ಬಾಯಿಮಾತಾದರೆ ಇನ್ನೂ ಒಳ್ಳೆಯದು. ಸೋಮವಾರದೊಳಗೆ ತಿಳಿಸಿದರೆ ಉಪಕಾರ.